ಹುಳುಮನೆಯ ಗಾಳಿ, ಗಾಡಿಯ ಗಾಳಿ

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಕೊನೆಯವರ ತಟ್ಟೆ ಖಾಲಿಯಾಗುವವರೆಗೆ ಯಾರೂ ಏಳುವಂತಿರಲಿಲ್ಲ. ಇದು ಅವ್ವ ಮಾಡಿದ ಕಾನೂನು. ಅವ್ವ ಎಂದರೆ ಅಪ್ಪನ ತಾಯಿ. ಆಂಧ್ರದ ಗಡಿಯ ಕಡೆಯಿಂದ ಸೊಸೆಯಾಗಿ ಬಂದವಳು, ಕೊನೆಯವರೆಗೂ ಬಾಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. ಅವಳು ಈ ಮನೆಗೆ ಬಂದ ಹೊಸತರಲ್ಲಿ ಮಾವ ಕೈತೊಳೆಯಲು ಎದ್ದರೆ ಮನೆಮಂದಿಯೆಲ್ಲ ಏಳಬೇಕಿತ್ತಂತೆ. ಮಾವನೋ ಗಬಗಬ ನುಂಗುವ ಮನುಷ್ಯ. ಅವ್ವ ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಎದ್ದಳು. ಯಜಮಾನಿಕೆ ತನ್ನ ಕೈಗೆ ಬಂದಾಗ ಆ ಪದ್ಧತಿಯನ್ನು ತಿರುಗಿಸಿ ಹಾಕಿದಳು. ಮೊದಲು ಉಂಡು ಮುಗಿಸಿದವರು ಎಂಜಲು ಕೈಯಲ್ಲೇ ಕೂತು ಕೊನೆಯವರಿಗಾಗಿ ಕಾಯಬೇಕು. ಬಾಗಿಲಲ್ಲಿ ಯಾರು ಬಂದು ಕೂಗಲಿ, ಕೊಟ್ಟಿಗೆಯಲ್ಲಿ ಹಸು ಹಗ್ಗ ಕಿತ್ತುಕೊಳ್ಳಲಿ, ಏಳುವಂತಿಲ್ಲ. ನಾನು ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ. ಶಾಲೆಯಲ್ಲಿ ಗೆಳತಿಯರ ಡಬ್ಬಿ ಖಾಲಿಯಾಗುವವರೆಗೆ ಕಾದು ಕೂತು ನಗೆಪಾಟಲಾದ ಮೇಲೆ ಗೊತ್ತಾಯಿತು, ಇದು ನಮ್ಮ ಮನೆಯದೇ ಹುಚ್ಚು ಅಂತ.

ನಮ್ಮೂರು ಶಿಡ್ಲಘಟ್ಟದಿಂದ ಸಾದಲಿ ಕಡೆಗೆ. ಮನೆಯ ಮುಂದೆ ಅಂಗಳ, ಹಿಂದೆ ಹುಳುಮನೆ. ಅಂಗಳ ಅಪ್ಪನ ರಾಜ್ಯ, ಹುಳುಮನೆ ಅಮ್ಮನ ರಾಜ್ಯ, ನಡುವೆ ನಡುಮನೆಯಲ್ಲಿ ಅವ್ವ ಎರಡೂ ಕಡೆಯ ತಂಟೆ ಕೇಳುತ್ತಾ ಕೂತಿರುತ್ತಿದ್ದಳು. ರೇಷ್ಮೆ ಹುಳ ಬಲು ಸೂಕ್ಷ್ಮ. ಬೀಡಿ, ಊದುಬತ್ತಿ, ಡೀಸೆಲ್ಲು, ಯಾವ ವಾಸನೆಯನ್ನೂ ಅದು ತಡೆಯದು. ಹಾಗಾಗಿ ಗ್ರೀಸು ಮೆತ್ತಿದ ಅಪ್ಪ ಹಿತ್ತಲ ಬಾಗಿಲು ದಾಟುವಂತೆಯೇ ಇರಲಿಲ್ಲ. ಏನಾದರೂ ಕೇಳಬೇಕಿದ್ದರೆ ಹೊಸಿಲ ಆಚೆ ನಿಂತು ಕೂಗಬೇಕು. ಅಮ್ಮ ಒಳಗಿಂದಲೇ ಉತ್ತರ ಕೊಡುತ್ತಿದ್ದಳು. ಗೋಡೆಯ ಮೇಲ್ತುದಿಯಲ್ಲಿ ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ತಳ್ಳುವ ಒಂದು ಫ್ಯಾನಿತ್ತು. ಬೇಸಿಗೆಯಲ್ಲಿ ಅಮ್ಮ ಗಂಟೆಗೊಂದು ಸಲ ಅದರ ಕೆಳಗೆ ಸ್ಟೂಲು ಹಾಕಿ ನಿಂತು ಅಂಗೈ ಎತ್ತಿ ಹಿಡಿದು ಗಾಳಿ ಎಷ್ಟು ಹೋಗುತ್ತಿದೆ ಎಂದು ನೋಡುತ್ತಿದ್ದಳು. ಥರ್ಮಾಮೀಟರು ಗೋಡೆಗೆ ನೇತಾಡುತ್ತಿದ್ದರೂ ಅವಳ ನಂಬಿಕೆಯೆಲ್ಲ ಅಂಗೈ ಮೇಲೆ. ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು:

“ಬಿಸಿ ಆಚೆ ಹೋದ್ರೆ ಹುಳ ಉಳೀತು ಅಂತ ತಿಳ್ಕೊ.”

ಈ ಮಾತು ನಮ್ಮ ಮನೆಯವರ ರಕ್ತದಲ್ಲೇ ಸೇರಿಹೋಗಿತ್ತು. ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ.

ಅಪ್ಪನ ಹತ್ತಿರ ಒಂದು ಹಳೆಯ ಡೀಸೆಲ್ ಪಿಕಪ್ ಗಾಡಿ ಇತ್ತು. ಊರವರ ಟೊಮೇಟೊ, ಬೀನ್ಸು, ಸೊಪ್ಪು ಹೇರಿಕೊಂಡು ದಿನಾ ಬೆಳಗ್ಗೆ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದ. ಆ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ಊರಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ಬಸ್ಸು ಶಿಡ್ಲಘಟ್ಟ ಮುಟ್ಟುವ ಹೊತ್ತಿಗೆ ಅಲ್ಲಿ ಎರಡನೆಯ ಪೀರಿಯಡ್ಡು ಮುಗಿದಿರುತ್ತಿತ್ತು. ನನ್ನ ಜೊತೆ ಏಳನೆಯದು ಪಾಸಾದ ಹುಡುಗಿಯರೆಲ್ಲ ಮನೆಯಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದರು. ನಾನೊಬ್ಬಳೇ ಎಂಟನೆಯ ತರಗತಿಗೆ ಹೋದೆ. ನಾನೇನು ಮಹಾ ಬುದ್ಧಿವಂತೆ ಅಂತಲ್ಲ, ನಮ್ಮ ಮನೆಯಲ್ಲಿ ಗಾಡಿ ಇತ್ತು, ಅಷ್ಟೇ. ಗಾಡಿ ಇದ್ದರೆ ಶಾಲೆ, ಇಲ್ಲದಿದ್ದರೆ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ಗಾಡಿ ಒಂದು ಸಲ ಕೆಮ್ಮಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅದರ ರೋಗ ಒಂದೇ, ಹೀಟಾಗುವುದು. ರೇಡಿಯೇಟರಿಗೆ ಗಾಳಿ ಎಳೆಯುವ ಫ್ಯಾನು ಎಂಜಿನ್ನಿನ ಮೂತಿಗೇ ಕಚ್ಚಿಕೊಂಡು ಬೆಲ್ಟಿನಿಂದ ತಿರುಗುತ್ತಿತ್ತು. ಎಂಜಿನ್ ಜೋರಾಗಿ ಓಡಿದರೆ ಅದೂ ಜೋರು, ಎಂಜಿನ್ ತೆವಳಿದರೆ ಅದೂ ತೆವಳುತ್ತಿತ್ತು. ಲೋಡು ಹೊತ್ತು ಏರು ಹತ್ತುವಾಗ ಕಾವು ಹೆಚ್ಚು, ಗಾಳಿ ಕಡಿಮೆ. ಸಾಲದ್ದಕ್ಕೆ ಹಿಂದೊಮ್ಮೆ ಅದರ ಒಂದು ರೆಕ್ಕೆ ಮುರಿದಾಗ, ತೂಕ ಸರಿಹೋಗಲಿ ಎಂದು ಎದುರಿನ ರೆಕ್ಕೆಯನ್ನೂ ಅಪ್ಪನೇ ಗರಗಸದಲ್ಲಿ ಕೊಯ್ದು ಹಾಕಿದ್ದ. ಊರಾಚೆ ಎರಡು ಗುಡ್ಡದ ನಡುವಿನ ಏರಿನಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದರೆ ಗಾಡಿ ಬದಿಗೆ ಹಾಕಿ, ಗೋಣಿಚೀಲ ಹಿಡಿದು ಮುಚ್ಚಳ ಬಿಚ್ಚಿ, ಕ್ಯಾನಿನ ನೀರು ಹೊಯ್ದು, ಮತ್ತೆ ಹೊರಡುವಷ್ಟರಲ್ಲಿ ನನ್ನ ಮೊದಲ ಪೀರಿಯಡ್ಡು ಮುಗಿದಿರುತ್ತಿತ್ತು. ಅದನ್ನು ಹೇಗೋ ಸಹಿಸಬಹುದಿತ್ತು. ಆದರೆ ಶಿವರಾತ್ರಿಗೆ ಮುಂಚಿನ ಬೆಳೆಯಲ್ಲಿ ಅಮ್ಮನ ಗೂಡು ತುಂಬಿಕೊಂಡು ಹೊರಟ ಗಾಡಿ ಅದೇ ಏರಿನಲ್ಲಿ ನಿಂತುಬಿಟ್ಟಿತು. ರೇಷ್ಮೆ ಗೂಡನ್ನು ಚೀಲದಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಒಳಗೇ ಬೆವೆತು ಮೆತ್ತಗಾಗುತ್ತದೆ. ಮಾರುಕಟ್ಟೆಯಲ್ಲಿ ಕೊಳ್ಳುವವರು ಒಂದು ಹಿಡಿ ತೆಗೆದು ಒತ್ತಿ ನೋಡಿ ಮುಂದಕ್ಕೆ ಹೋದರಂತೆ. ಅಮ್ಮ ಮನೆಗೆ ಬಂದವಳು ಅಳಲಿಲ್ಲ, ಬೈಯಲಿಲ್ಲ. ಅಂದು ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದಳು.

“ಗಾಡಿ ಮಾರಿಬಿಡಿ. ಗೂಡು ಪಕ್ಕದ ಮನೆ ಟೆಂಪೋದಲ್ಲಿ ಹೋಗ್ಲಿ. ನನ್ನ ಕೈಲಿ ಇನ್ನಾಗಲ್ಲ.”

“ಪದ್ಮನ ಸ್ಕೂಲು?” ಎಂದ ಅಪ್ಪ, ನನ್ನ ಕಡೆ ಕೈ ತೋರಿಸಿ.

“ಒಂದು ವರ್ಷ ಮನೇಲಿರ್ಲಿ. ಆಮೇಲೆ ನೋಡಣ.”

ಆಮೇಲೆ ನೋಡಣ! ನಮ್ಮ ಮನೆಯಲ್ಲಿ ಆ ಮಾತಿಗೆ ಏನರ್ಥ ಅಂತ ಬೆಕ್ಕಿಗೂ ಗೊತ್ತಿತ್ತು. ಅವ್ವ ಮಜ್ಜಿಗೆ ಸುರಿದುಕೊಳ್ಳುತ್ತಾ, ಹುಳಕ್ಕೆ ಸೊಪ್ಪು ಹಾಕೋಕೆ ಎಂಟನೇ ಕ್ಲಾಸು ಯಾಕಮ್ಮ ಎಂದು ಒಗ್ಗರಣೆ ಬೇರೆ ಹಾಕಿದಳು. ನನಗೆ ಅವ್ವನ ಮೇಲೆ ಸಿಟ್ಟು ಬರಲಿಲ್ಲ, ಅವಳು ಹಾಗೆಯೇ. ಅಮ್ಮನ ಮೇಲೆ ಬಂತು. ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ ಹುಳ ಕಾಯುವವಳಿಗೆ, ತಿಂಗಳಲ್ಲಿ ಪರೀಕ್ಷೆ ಬರೆಯಬೇಕಾದ ಮಗಳು ಹುಳಕ್ಕಿಂತ ಕಡೆಯಾದಳಲ್ಲ ಎಂದು ಹೊಟ್ಟೆ ಉರಿದುಹೋಯಿತು. ಅಮ್ಮನ ಕಷ್ಟ ನನಗೆ ಅರ್ಥವಾಗಲು ಬಹಳ ವರ್ಷ ಬೇಕಾದವು. ಆ ದಿನ ಮಾತ್ರ ಅವಳ ಮುಖ ನೋಡದೆ ಉಂಡೆ, ಬೇಕಂತಲೇ ನಿಧಾನವಾಗಿ ಉಂಡೆ, ಎಲ್ಲರೂ ಕಾಯಲಿ ಎಂದು.

ಅಪ್ಪ ಗಾಡಿ ಮಾರಲು ಒಪ್ಪಲೂ ಇಲ್ಲ, ಒಲ್ಲೆ ಅನ್ನಲೂ ಇಲ್ಲ. ಎರಡು ದಿನ ಬಿಟ್ಟು ಚಿಂತಾಮಣಿಯ ಗುಜರಿ ಅಂಗಡಿಯಿಂದ ಒಂದು ಹಳೇ ಕಾರಿನ ಕರೆಂಟ್ ಫ್ಯಾನು ತಂದ. ಬ್ಯಾಟರಿಯಿಂದ ತಿರುಗುವಂಥದ್ದು. ಎಂಜಿನ್ ನಿಧಾನವಿರಲಿ, ಜೋರಿರಲಿ, ಇದು ತನ್ನ ವೇಗದಲ್ಲೇ ಓಡುತ್ತದೆ. ಅಪ್ಪ ಮೂರು ದಿನ ಅಂಗಳದಲ್ಲಿ ಬಾನೆಟ್ಟು ಎತ್ತಿಕೊಂಡೇ ಇದ್ದ. ಹಳೇ ಫ್ಯಾನನ್ನು ಬಿಚ್ಚಿ ಎಸೆದ. ಹೊಸದನ್ನು ರೇಡಿಯೇಟರಿನ ಹಿಂದೆ ಕೂರಿಸಲು ಕಬ್ಬಿಣದ ಪಟ್ಟಿ ಬಗ್ಗಿಸಿ ಕಾಲು ಮಾಡಿದ. ನಾನು ಶಾಲೆಯಿಂದ ಬಂದವಳೇ ಪುಸ್ತಕದ ಚೀಲ ಎಸೆದು ಸ್ಪ್ಯಾನರು ಕೊಡಲು ಓಡುತ್ತಿದ್ದೆ. ಹನ್ನೆರಡು ಕೇಳಿದರೆ ಹನ್ನೆರಡು, ಹದಿನಾಲ್ಕು ಕೇಳಿದರೆ ಹದಿನಾಲ್ಕು. ಅಪ್ಪ ಆ ಮೂರು ದಿನ ಒಮ್ಮೆಯೂ ಬೈಯಲಿಲ್ಲ. ನನ್ನ ಶಾಲೆಗಾಗಿಯೇ ಇದನ್ನು ಮಾಡುತ್ತಿದ್ದಾನೆ ಎಂದು ನಾನು ಅಂದುಕೊಂಡೆ. ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ.

ಶುಕ್ರವಾರ ಶಿಡ್ಲಘಟ್ಟದಿಂದ ಗಾಡಿಗಳ ಕರೆಂಟ್ ಕೆಲಸದ ಪಾಷಣ್ಣ ಬಂದು ವೈರು ಎಳೆದ. ನೀರು ಕಾದಾಗ ತಾನೇ ಹತ್ತಿಕೊಳ್ಳುವ ಒಂದು ಸ್ವಿಚ್ಚು ರೇಡಿಯೇಟರಿಗೆ, ಒಂದು ಫ್ಯೂಸು, ಫ್ಯಾನಿನ ಮೋಟಾರಿಗೆ ಎರಡು ವೈರು. ನಮಾಜಿಗೆ ಹೊತ್ತಾಯಿತೆಂದು, ಗಾಡಿ ಬಿಸಿಯಾದ್ಮೇಲೆ ತಾನೇ ತಿರುಗತ್ತೆ ಅಣ್ಣ, ನೋಡ್ಕೊಳಿ ಎಂದು ಹೇಳಿ ಸ್ಕೂಟರು ಹತ್ತಿ ಹೋದ. ಅಪ್ಪ ಎಂಜಿನ್ ಚಾಲೂ ಮಾಡಿದ. ನಾವೆಲ್ಲ ಸುತ್ತ ನಿಂತೆವು, ಅಮ್ಮನೂ ಹಿತ್ತಲಿಂದ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. ಹತ್ತು ನಿಮಿಷವಾದ ಮೇಲೆ ಫ್ಯಾನು ಗುಯ್ಯೆಂದು ಎದ್ದಿತು. ಅಪ್ಪ ಕೈ ಒಡ್ಡಿ ನೋಡಿ ಮುಖ ಗಂಟಿಕ್ಕಿದ.

“ಏನಿದು? ರೇಡಿಯೇಟರ್ ಬಿಸಿಯೆಲ್ಲ ಎಂಜಿನ್ ಮೇಲೆ ಹೊಡೀತೈತೆ!”

ಅಮ್ಮನೂ ಅಂಗೈ ಹಿಡಿದು ನೋಡಿದಳು.

“ಹೌದಲ್ರೀ. ಒಳಗಡೆಗೇ ನೂಕ್ತಾ ಐತೆ. ಬಿಸಿ ಆಚೆ ಹೋಗ್ಬೇಕಲ್ವಾ?”

“ಪಾಷ ಆತುರದಲ್ಲಿ ಉಲ್ಟಾ ಕೊಟ್ಟು ಹೋಗವ್ನೆ,” ಎಂದ ಅಪ್ಪ. ಮೋಟಾರಿನ ಎರಡು ವೈರನ್ನು ಬಿಚ್ಚಿ ಅದಲುಬದಲು ಮಾಡಿದ. ಫ್ಯಾನು ಈಗ ಎದುರು ದಿಕ್ಕಿಗೆ ತಿರುಗಿತು. ಬಿಸಿಗಾಳಿ ಗಾಡಿಯ ಮುಂದಿನ ಜಾಲರಿಯಿಂದ ಹೊರಕ್ಕೆ ಬೀಸತೊಡಗಿತು, ಥೇಟು ನಮ್ಮ ಹುಳುಮನೆಯ ಫ್ಯಾನಿನ ಹಾಗೆ. ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು, ಸುಳ್ಳು ಯಾಕೆ ಹೇಳಲಿ. ಅರ್ಧ ಗಂಟೆ ನಿಂತಲ್ಲೇ ಎಂಜಿನ್ ಓಡಿಸಿದರೂ ಗಾಡಿ ಹೀಟಾಗಲಿಲ್ಲ. ಅವ್ವ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಚಕ್ರದ ಕೆಳಗಿಟ್ಟಳು. ಅಪ್ಪ ಬೀಗದಕೈ ತೆಗೆದು ಜೇಬಿಗೆ ಹಾಕಿಕೊಂಡ. ಎಂಜಿನ್ ನಿಂತಿತು, ಫ್ಯಾನು ನಿಲ್ಲಲಿಲ್ಲ.

“ಅಯ್ಯೋ ದೇವುಡಾ! ಕೀ ತೆಗೆದ್ರೂ ತಿರುಗ್ತೈತಲ್ಲೋ ಇದು!” ಎಂದು ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು.

“ಒಳಗಿನ ನೀರು ತಣ್ಣಗಾಗೋವರ್ಗೂ ತಿರುಗತ್ತೆ ಕಣವ್ವ. ಹಂಗೇ ಅದು,” ಎಂದು ಅಪ್ಪ ಹೆಮ್ಮೆಯಿಂದ ನಕ್ಕ. ಅಪ್ಪ ಹಾಗೆ ಹಲ್ಲು ಕಾಣುವಂತೆ ನಕ್ಕದ್ದು ನಾನು ಅಪರೂಪಕ್ಕೆ ನೋಡಿದ್ದೆ.

ಆ ನಗು ಸೋಮವಾರದವರೆಗೆ ಉಳಿಯಿತು. ಸೋಮವಾರ ಬೀನ್ಸು ಹೇರಿಕೊಂಡು ಹೊರಟೆವು. ಏರಿಗೆ ಮುಂಚೆಯೇ, ಗಾಡಿ ಚೆನ್ನಾಗಿ ಓಡುವ ಸಮತಟ್ಟು ರಸ್ತೆಯಲ್ಲೇ ಹೀಟಿನ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ಅಪ್ಪ ಇಳಿದು ನೋಡಿದ, ಫ್ಯಾನು ತಿರುಗುತ್ತಲೇ ಇತ್ತು. ನಿಂತ ಮೇಲೆ ಗಾಡಿ ತಾನಾಗಿ ತಣ್ಣಗಾಯಿತು. ಹೊರಟರೆ ಮತ್ತೆ ಹೀಟು. ಗುರುವಾರವೂ ಅದೇ. ಲೋಕದ ಗಾಡಿಗಳೆಲ್ಲ ನಿಂತರೆ ಬಿಸಿಯಾಗಿ ಓಡಿದರೆ ತಣ್ಣಗಾಗುತ್ತವೆ, ನಮ್ಮದು ಮಾತ್ರ ನಿಂತರೆ ತಣ್ಣಗಾಗಿ ಓಡಿದರೆ ಕುದಿಯುತ್ತಿತ್ತು. ಹಳೇ ಫ್ಯಾನೇ ಎಷ್ಟೋ ವಾಸಿ ಎನ್ನುವ ಹಾಗಾಯಿತು. ಅಪ್ಪ ನೀರು ಬದಲಿಸಿದ, ಹೋಸು ಬದಲಿಸಿದ, ದೇವರನ್ನೂ ಬೈದ. ವೈರು ಬದಲಿಸಿದ್ದು ಮಾತ್ರ ಅವನ ನೆನಪಿಗೇ ಬರಲಿಲ್ಲ, ಯಾಕೆಂದರೆ ಅದು ಅವನ ಲೆಕ್ಕದಲ್ಲಿ ತಪ್ಪಲ್ಲ, ಪಾಷಣ್ಣನ ತಪ್ಪನ್ನು ತಿದ್ದಿದ್ದು. ಇತ್ತ ಹುಳುಮನೆಯಲ್ಲಿ ಎರಡನೇ ತಂಡದ ಹುಳ ಹಣ್ಣಾಗಿ ಗೂಡು ಕಟ್ಟಿದ್ದವು. ಮುಂದಿನ ಸೋಮವಾರ ಬೆಳಗ್ಗೆ ಗೂಡು ಮಾರುಕಟ್ಟೆಗೆ ಹೋಗಬೇಕು. ಅಮ್ಮ ಪಕ್ಕದ ಮನೆಯ ಟೆಂಪೋಗೆ ಹೇಳಿ ಬಂದಳು. ಗಾಡಿ ನೋಡಲು ಚಿಂತಾಮಣಿಯ ಒಬ್ಬ ತರಕಾರಿ ವ್ಯಾಪಾರಿ ಅದೇ ಸೋಮವಾರ ಮಧ್ಯಾಹ್ನ ಬರುವುದೆಂದು ನಿಗದಿಯಾಯಿತು. ಅಪ್ಪ ಈ ಸಲ ಒಪ್ಪಿಕೊಂಡಿದ್ದ. ನನ್ನ ಕಡೆ ಒಮ್ಮೆ ನೋಡಿ, ಕ್ಯಾನು ಎತ್ತಿಕೊಂಡು ನೀರು ತರಲು ಹೊರಟುಬಿಟ್ಟ.

ಶನಿವಾರ ಬೆಳಗ್ಗೆ ಶಿಡ್ಲಘಟ್ಟಕ್ಕೆ ಸ್ವಲ್ಪ ಈಚೆ ಗಾಡಿ ಮತ್ತೆ ನಿಂತಿತು. ಅಪ್ಪ ನೀರು ಹುಡುಕಿಕೊಂಡು ಹೋದ. ನಾನು ರಸ್ತೆ ಬದಿ ಅಳುತ್ತಾ ನಿಂತಿದ್ದೆ. ಇನ್ನೊಂದು ಪಿಕಪ್ಪು ನಮ್ಮ ಪಕ್ಕದಲ್ಲಿ ನಿಂತು, ಅದರ ಡ್ರೈವರು ಏನಾಯ್ತಮ್ಮ ಎಂದು ಕೇಳಿದ. ಉತ್ತರ ಕೊಡಲು ಅದರ ಮುಂದೆ ಬಂದಾಗ ನೋಡಿದೆ, ಅದರ ಜಾಲರಿಯ ತುಂಬ ಕಸ. ಹುಲ್ಲಿನ ಎಸಳು, ಚಿಟ್ಟೆಯ ರೆಕ್ಕೆ, ಒಂದು ಬೀಡಿಕಟ್ಟಿನ ಕಾಗದ, ಎಲ್ಲ ಒಳಕ್ಕೆ ಎಳೆದುಕೊಂಡ ಹಾಗೆ ಅಂಟಿದ್ದವು. ನಮ್ಮ ಗಾಡಿಯ ಜಾಲರಿ ಗುಡಿಸಿಟ್ಟ ಹಾಗೆ ಚೊಕ್ಕಟ. ಅದರ ಮುಂದೆ ನಿಂತರೆ ಬಿಸಿಗಾಳಿ ನನ್ನ ಮುಖಕ್ಕೇ ಬಡಿಯುತ್ತಿತ್ತು. ಗಾಡಿ ಓಡುವಾಗ ಮುಂದಿನಿಂದ ಗಾಳಿ ಬರುತ್ತದೆ, ಇದು ಅದಕ್ಕೆ ಎದುರಾಗಿ ಊದುತ್ತದೆ. ಎದುರುಬದುರಾಗಿ ಊದಿದರೆ ನಡುವೆ ಗಾಳಿ ಎಲ್ಲಿ ಹೋಗಬೇಕು? ನನ್ನ ಅಳು ನಿಂತುಹೋಯಿತು. ಸಂಜೆ ಗಾಡಿ ಮನೆಗೆ ಬಂದ ಮೇಲೆ, ಫ್ಯಾನು ಇನ್ನೂ ತಿರುಗುತ್ತಿರುವಾಗಲೇ ಹುಳದ ಸೊಪ್ಪಿನ ಒಂದು ಎಲೆ ತಂದು ಜಾಲರಿಗೆ ಹಿಡಿದೆ. ಎಲೆ ಹಾರಿ ನನ್ನ ಕಾಲ ಬಳಿ ಬಿತ್ತು. ಮೂರು ಸಲ ಹಿಡಿದೆ, ಮೂರು ಸಲವೂ ಬಿತ್ತು.

ಹುಳುಮನೆಯಲ್ಲಿ ಗೂಡು ಬಿಡಿಸುತ್ತಾ ಕೂತಿದ್ದ ಅಮ್ಮನಿಗೆ ಹೇಳಿದೆ. ಅಮ್ಮನ ಕೈ ನಿಂತಿತು. ಗಾಳಿಯ ವಿಷಯ ಅವಳಿಗೆ ಯಾರೂ ಎರಡು ಸಲ ಹೇಳಬೇಕಿರಲಿಲ್ಲ. ಮೂಡಣ ಗಾಳಿ ಎದ್ದರೆ ಯಾವ ಕಿಟಕಿ ಮುಚ್ಚಬೇಕು, ಯಾವುದು ತೆರೆಯಬೇಕು ಎಂದು ನನಗೆ ಕಲಿಸಿದವಳೇ ಅವಳು.

“ನೀನೇ ಹೇಳಮ್ಮ ಅಪ್ಪಂಗೆ,” ಎಂದೆ.

“ನಾನು ಹೇಳಿದ್ರೆ ಜಗಳ ಆಗತ್ತೆ. ಬಿಸಿ ಆಚೆ ಹೋಗ್ಬೇಕು ಅಂತ ಅವತ್ತು ಹೂಂಗುಟ್ಟಿದವಳೂ ನಾನೇ ಕಣೇ. ಗಾಡಿ ಮಾರಿ ಅಂದವಳೂ ನಾನೇ. ಈಗ ಯಾವ ಬಾಯಲ್ಲಿ ಹೇಳ್ಲಿ?” ಅಮ್ಮ ಮತ್ತೆ ಗೂಡಿಗೆ ಕೈ ಹಾಕಿದಳು. “ನಿನ್ನ ಸ್ಕೂಲು. ನೀನೇ ಹೇಳು.”

ಅಪ್ಪನಿಗೆ ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಅವನ ತಪ್ಪನ್ನು ತೋರಿಸಿದವರ ಜೊತೆ ವಾರಗಟ್ಟಲೆ ಮಾತು ಬಿಡುತ್ತಿದ್ದ, ಒಬ್ಬ ಚಿಕ್ಕಪ್ಪನ ಜೊತೆ ಬಿಟ್ಟ ಮಾತು ಹತ್ತಲೇ ಇಲ್ಲ. ನಾನೇ ಕದ್ದು ವೈರು ಬದಲಿಸಿಬಿಡಲೇ ಎಂದು ಯೋಚಿಸಿದೆ. ಆದರೆ ಅಮ್ಮನ ಹುಳುಮನೆಗೆ ಅಪ್ಪ ಹೇಗೆ ಕೇಳದೆ ಕಾಲಿಡುತ್ತಿರಲಿಲ್ಲವೋ, ಅಪ್ಪನ ಬಾನೆಟ್ಟಿಗೂ ನಾವು ಕೇಳದೆ ಕೈ ಹಾಕುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಮುದ್ದೆ, ಬಸ್ಸಾರು. ಅಪ್ಪ ನಾಲ್ಕು ತುತ್ತು ನುಂಗಿದ್ದ. ನಾನು ಮೊದಲ ತುತ್ತನ್ನೇ ಇನ್ನೂ ತಟ್ಟೆಯಲ್ಲಿ ಉರುಳಿಸುತ್ತಿದ್ದೆ.

“ಅಪ್ಪಾ, ಗಾಡಿ ಫ್ಯಾನು ಉಲ್ಟಾ ತಿರುಗ್ತೈತೆ.”

“ಯಾರ್ ಹೇಳಿದ್ದು?”

“ಯಾರೂ ಇಲ್ಲ. ನಾನೇ ಎಲೆ ಹಿಡಿದು ನೋಡ್ದೆ. ಬೇರೆ ಗಾಡೀಲಿ ಕಸ ಜಾಲರಿಗೆ ಅಂಟ್ಕೊಳತ್ತೆ. ನಮ್ಮದ್ರಲ್ಲಿ ಹಾರಿಹೋಗತ್ತೆ.”

“ಬಿಸಿಗಾಳಿ ಎಂಜಿನ್ ಮೇಲೆ ಹೊಡೀಲಿ ಅಂತೀಯಾ? ಬುದ್ಧಿ ಐತೇನೇ ನಿಂಗೆ? ನಿಮ್ಮಮ್ಮನ ಹುಳುಮನೇಲಿ ಫ್ಯಾನು ಯಾವ ಕಡೆ ತಳ್ಳತ್ತೆ, ನೋಡಿಲ್ವಾ?”

“ಹುಳುಮನೆ ನಿಂತಿರತ್ತೆ ಅಪ್ಪಾ. ಗಾಡಿ ಓಡತ್ತೆ.”

ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು. ಆಮೇಲೆ ಎದ್ದು ಹೊರಟುಹೋದ. ಅರ್ಧ ಮುದ್ದೆ ತಟ್ಟೆಯಲ್ಲೇ ಇತ್ತು. ನನಗೆ ತಿಳಿದ ಮಟ್ಟಿಗೆ ಆ ಮನೆಯಲ್ಲಿ ಊಟದ ನಡುವೆ ಯಾರಾದರೂ ಎದ್ದದ್ದು ಅದೇ ಮೊದಲು. ಅಮ್ಮನೂ ಏಳಲು ಹೋದಳು.

“ಯಾರೂ ಏಳಂಗಿಲ್ಲ,” ಎಂದಳು ಅವ್ವ. “ಆ ತಟ್ಟೇಲಿ ಇನ್ನೂ ಮುದ್ದೆ ಐತೆ. ಕೂತ್ಕೊಳ್ರಿ.”

ಕೂತೆವು. ಅಮ್ಮ ಎಡಗೈಯಿಂದ ಅಪ್ಪನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ನಮ್ಮದೆಲ್ಲ ಉಂಡು ಮುಗಿಯಿತು. ಬೆರಳಿಗೆ ಮೆತ್ತಿದ ರಾಗಿ ಒಣಗಿ ಬಿಳಿಚಿಕೊಂಡು ಚರ್ಮವನ್ನು ಹಿಡಿದು ಎಳೆಯತೊಡಗಿತು. ಅಪ್ಪ ಈಗಲೇ ಗಾಡಿಯನ್ನು ಚಿಂತಾಮಣಿಗೆ ಹೊಡೆದುಕೊಂಡು ಹೋಗಿ ಕೊಟ್ಟು ಬರುತ್ತಾನೆ, ನನ್ನ ಬಾಯಿಂದಲೇ ನನ್ನ ಶಾಲೆ ಹೋಯಿತು ಎಂದುಕೊಂಡೆ. ಅಂಗಳದಲ್ಲಿ ಬಾನೆಟ್ಟು ಕಿರ್ರೆಂದಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಎಂಜಿನ್ ಚಾಲೂ ಆಯಿತು, ಆದರೆ ಗಾಡಿ ಕದಲಲಿಲ್ಲ. ಅವ್ವ ಗೋಡೆಗೆ ಒರಗಿಕೊಂಡು, ಯಾರಿಗೂ ಅಲ್ಲದ ಹಾಗೆ ಹೇಳಿದಳು:

“ನಮ್ಮ ಮಾವಂಗೆ ಯಾರಾದ್ರೂ ಒಬ್ರು ಹಿಂಗೆ ಬಾಯಿಬಿಟ್ಟು ಹೇಳಿದ್ದಿದ್ರೆ, ನಾನು ಅಷ್ಟು ವರ್ಷ ಹಸ್ಕೊಂಡು ಏಳ್ತಿರ್ಲಿಲ್ಲ.”

ನಾನು ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತೇನೆ. ಸರ್, ಮೇಡಂ ಹೇಳಿದ್ದು ತಪ್ಪು ಎಂದು ಹೇಳಲು ಎದ್ದು ನಿಂತು, ಅರ್ಧಕ್ಕೇ ನುಂಗಿಕೊಂಡು ಕೂತುಬಿಡುವ ಹುಡುಗಿಯರನ್ನು ದಿನಾ ನೋಡುತ್ತೇನೆ. ಧೈರ್ಯವಾಗಿ ಹೇಳು ಎನ್ನುವುದು ಸುಲಭ. ಹೇಳಿದ ಮೇಲೆ ಒಣಗಿದ ಕೈಯಲ್ಲಿ ಕಾದು ಕೂರುವುದಿದೆಯಲ್ಲ, ಅದೇ ಕಷ್ಟ. ನನಗೆ ಆ ದಿನ ಓಡಿಹೋಗಿ ಅಪ್ಪನ ಕಾಲು ಹಿಡಿದು, ನನಗೇನೂ ಗೊತ್ತಿಲ್ಲ, ನಾನು ಸುಮ್ಮನೆ ಹೇಳಿದೆ ಎಂದುಬಿಡಬೇಕು ಅನ್ನಿಸಿತ್ತು. ಅವ್ವನ ಕಾನೂನು ನನ್ನನ್ನು ಅಲ್ಲೇ ಕೂರಿಸಿತು. ನಾನು ಏನಾದರೂ ಆಗಿದ್ದರೆ ಆ ಅರ್ಧ ಗಂಟೆಯಲ್ಲೇ ಆದದ್ದು.

ಅಂಗಳದಲ್ಲಿ ಫ್ಯಾನು ಎದ್ದ ಸದ್ದು ಬಂತು. ಸದ್ದು ಬೇರೆಯಾಗಿತ್ತು, ಮೊದಲಿಗಿಂತ ಗಟ್ಟಿ. ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ಅಪ್ಪ ಸೋಪು ಉಜ್ಜಿ ಕೈ ತೊಳೆಯುವುದು ಕೇಳಿಸಿತು. ಒಳಗೆ ಬಂದ. ನಾವು ಮೂವರೂ ಎಂಜಲು ಕೈಯಲ್ಲಿ ಕೂತಿರುವುದನ್ನು ಬಾಗಿಲಲ್ಲೇ ನಿಂತು ನೋಡಿದ. ಬಂದು ತನ್ನ ತಟ್ಟೆಯ ಮುಂದೆ ಕೂತ. ಅಮ್ಮ ಮುಚ್ಚಿದ ತಟ್ಟೆ ತೆಗೆದು, ಆರಿಹೋದ ಮುದ್ದೆಯ ಮೇಲೆ ಪಾತ್ರೆಯಲ್ಲಿದ್ದ ಸಾರು ಬಡಿಸಿದಳು. ಅಪ್ಪ ತಲೆ ಬಗ್ಗಿಸಿ ಒಂದೊಂದೇ ತುತ್ತು ಮುರಿದು ಪೂರ್ತಿ ಉಂಡ, ತಟ್ಟೆಯನ್ನೂ ಬಳಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

“ಎಲೆ ಅಂಟ್ಕೊಂತು.”

“ಇನ್ನು ಏಳ್ರಿ,” ಎಂದಳು ಅವ್ವ.

ಸೋಮವಾರ ಬೆಳಗ್ಗೆ ಪಕ್ಕದ ಮನೆಯ ಟೆಂಪೋ ಬಂದು ಹಾರನ್ನು ಹೊಡೆಯಿತು. ಅಮ್ಮ ಹೊರಗೆ ಹೋಗಿ ಅವರಿಗೆ ಏನು ಹೇಳಿದಳೋ, ಟೆಂಪೋ ಖಾಲಿಯೇ ಹೋಯಿತು. ಗೂಡಿನ ಚೀಲಗಳನ್ನು ಅಮ್ಮ ತಾನೇ ನಿಂತು ನಮ್ಮ ಗಾಡಿಗೆ ಹೇರಿಸಿದಳು, ಒಂದರ ಮೇಲೊಂದು ಒತ್ತದ ಹಾಗೆ, ನಡುವೆ ಗಾಳಿಗೆ ಜಾಗ ಬಿಟ್ಟು. ಆಮೇಲೆ ನನ್ನ ಪಕ್ಕಕ್ಕೆ ಹತ್ತಿ ಕೂತಳು. ಚಿಂತಾಮಣಿಯವನಿಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಗಾಡಿ ದಾರಿಯಲ್ಲಿ ಒಂದು ಸಲ ನಿಂತರೂ ಮಧ್ಯಾಹ್ನ ಅವನ ಪಾಲು, ಅದು ಮೂವರಿಗೂ ಗೊತ್ತಿತ್ತು. ಸಮತಟ್ಟು ದಾಟಿತು, ಮುಳ್ಳು ಅರ್ಧದಲ್ಲೇ ಇತ್ತು. ಏರು ಶುರುವಾಯಿತು. ಅಪ್ಪ ಎರಡನೇ ಗೇರಿಗೆ ಇಳಿಸಿದ, ಮುಳ್ಳು ನಿಧಾನವಾಗಿ ಮೇಲೆ ಹೊರಟಿತು. ನಾನು ಮುಳ್ಳನ್ನೇ ನೋಡುತ್ತಿದ್ದೆ, ಅಪ್ಪ ರಸ್ತೆ ನೋಡುತ್ತಿದ್ದ, ಅಮ್ಮ ಕಿಟಕಿಯ ಹೊರಗೆ ಅಂಗೈ ಚಾಚಿ ಗಾಳಿ ಹಿಡಿದು ಕೂತಿದ್ದಳು. ಮುಳ್ಳು ಕೆಂಪಿನ ಗೆರೆಯ ಹತ್ತಿರ ಹೋದಾಗ ಮುಂದೆ ಫ್ಯಾನು ಗುಯ್ಯೆಂದಿತು. ಮುಳ್ಳು ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು. ನಾವು ಪ್ರತಿಸಲ ನಿಲ್ಲುತ್ತಿದ್ದ ಹುಣಸೆಮರ ಹಿಂದೆ ಹೋಯಿತು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಗಾಡಿಗಳ ಸಾಲು ತೆವಳುತ್ತಿತ್ತು. ನಮ್ಮ ಸರದಿ ಬಂದು, ಜಾಗ ನೋಡಿ ಗಾಡಿ ನಿಲ್ಲಿಸಿ ಅಪ್ಪ ಕೀ ತೆಗೆದ. ಎಂಜಿನ್ ನಿಂತಿತು, ಫ್ಯಾನು ತಿರುಗುತ್ತಲೇ ಇತ್ತು. ಅಮ್ಮ ಇಳಿಯಲು ಬಾಗಿಲಿಗೆ ಕೈ ಹಾಕಿದಳು.

“ಕೂತ್ಕೊ,” ಎಂದ ಅಪ್ಪ. “ಅದಿನ್ನೂ ಮುಗಿಸಿಲ್ಲ.”

ಅಮ್ಮ ಕೈ ತೆಗೆದಳು. ನಾವು ಮೂವರೂ ಕೂತೆವು. ಹಿಂದಿನ ಗಾಡಿಯವನು ಇಳಿದು ಚೀಲ ಇಳಿಸತೊಡಗಿದ್ದ, ಎರಡು ಬೀದಿ ಆಚೆ ನನ್ನ ಶಾಲೆಯ ಮೊದಲ ಗಂಟೆ ಹೊಡೆಯಿತು. ನಾನು ಅಲುಗಲಿಲ್ಲ. ಅಮ್ಮ ಎದುರಿನ ಗಾಜು ನೋಡುತ್ತಾ ಹೇಳಿದಳು:

“ಏನ್ರೀ, ಆ ಚಿಂತಾಮಣಿಯವರಿಗೆ ಒಂದು ಫೋನ್ ಮಾಡಿ, ಬರೋದು ಬೇಡ ಅಂತ ಹೇಳಿಬಿಡಿ.”

“ಹೂಂ,” ಎಂದ ಅಪ್ಪ.

ಫ್ಯಾನು ನಿಧಾನವಾಯಿತು, ಎರಡು ಸುತ್ತು ತಿರುಗಿ ನಿಂತಿತು. ಅಮ್ಮ ಬಾಗಿಲು ತೆಗೆದು ಇಳಿದು, ನನ್ನ ಪುಸ್ತಕದ ಚೀಲ ಹಿಡಿದು ಎಳೆದಳು.

“ಇಳಿಯೇ, ಸ್ಕೂಲಿಗೆ ಹೊತ್ತಾಯ್ತು.”